ಕಲ್ಲಿನ ಆಣೆ, ಹಣ್ಣಿನ ನಡೆ

(ದೇವನಹಳ್ಳಿ ಕೋಟೆಯೊಳಗಿನ ಒಂದು ಮನೆ. ಮೇಜಿನ ಮೇಲೆ ಚಕ್ಕೋತ, ಮಗ್ಗದ ಲಾಳಿ, ಶಾಸನವೊಂದರ ತಲೆಭಾಗದ ಪಡಿಯಚ್ಚು, ಮರದ ಕತ್ತಿ. ಅವನ್ನೇ ಇದ್ದಿಲಿನಲ್ಲಿ ಬರೆದ ಚಿತ್ರ ಗೋಡೆಗೆ ಒರಗಿದೆ. ಎದುರಿಗೆ ಕಲಾವಿದೆ ಮತ್ತು ಅವಳಿಗೆ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟ ಮೇಷ್ಟ್ರು.)

ಮೇಷ್ಟ್ರು: ಕೈ ಚೆನ್ನಾಗಿ ಕುದುರಿದೆಯಮ್ಮ. ಆದರೆ ಒಂದು ಮಾತು. ಇವೆಲ್ಲ ಒಂದೇ ಮೇಜಿನ ಮೇಲೆ ಯಾಕೆ ಕೂತಿವೆ?

ಕಲಾವಿದೆ: ನಮ್ಮ ಜಿಲ್ಲೆ ಅಂದರೆ ಇವೇ ಅಲ್ಲವಾ ಸಾರ್? ಚಕ್ಕೋತ ದೇವನಹಳ್ಳೀದು, ಲಾಳಿ ದೊಡ್ಡಬಳ್ಳಾಪುರದ್ದು, ಶಾಸನ ನೆಲಮಂಗಲದ ಕಡೆಯದು. ಕತ್ತಿ ಟಿಪ್ಪುವಿನ ನೆನಪಿಗೆ. ಅವನು ಹುಟ್ಟಿದ್ದು ಇದೇ ಊರಲ್ಲಿ.

ಮೇಷ್ಟ್ರು: ಹಾಗಾದರೆ ಇದು ಜಿಲ್ಲೆಯ ಪಟ್ಟಿ ಆಯ್ತು. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಈ ಕೋಟೆ ಹೈದರನ ಕೈಗೆ ಹೋಯ್ತು, 1791ರಲ್ಲಿ ಕಾರ್ನ್‌ವಾಲಿಸ್ ಕೈಗೆ ಬಂತು. ಕತ್ತಿ ಹೇಳೋದು ಊರನ್ನು ಹಿಡಿದವರ ಕತೆ. ಅದು ಕಂಡ ಕೂಡಲೇ ಜನ ಪರ-ವಿರೋಧ ಶುರು ಮಾಡ್ತಾರೆ. ಪಕ್ಕದ ಹಣ್ಣು ಕಣ್ಣಿಗೇ ಬೀಳಲ್ಲ.

ಕಲಾವಿದೆ: ಅಂದರೆ ಸಂಕೇತವೇ ಬೇಡವಾ? ಹಣ್ಣನ್ನು ಬರೀ ಹಣ್ಣಾಗಿ ಬರೆದರೆ ಸಾಕಾ?

ಮೇಷ್ಟ್ರು: ಹಾಗನ್ನಲ್ಲ. ಪಡಿಯಚ್ಚು ನೋಡು: ಮೇಲೆ ಸೂರ್ಯ, ಚಂದ್ರ. ದಾನ ಕೊಟ್ಟ ನೆಲ ಅವರಿರೋವರೆಗೂ ನಡೀಲಿ ಅಂತ ಕಡೆದದ್ದು. ಕೆಳಗಿನ ಅಕ್ಷರ ಬಾರದ ದನ ಕಾಯೋ ಹುಡುಗನಿಗೂ ಈ ಹೊಲದ ತಂಟೆಗೆ ಹೋಗಬಾರದು ಅಂತ ತಿಳೀಬೇಕು. ಊರಿನ ಎದುರು ಇಟ್ಟ ಆಣೆ ಅದು. ಆಣೆ ನಂಬೋ ಜನ ಇರೋವರೆಗೇ ಸಂಕೇತಕ್ಕೆ ಜೀವ. ಆಮೇಲೆ ಅದು ಅಲಂಕಾರ.

ಕಲಾವಿದೆ: ಆಣೆ ಉಳೀತಾ ಸಾರ್? ಬಿ.ಎಲ್. ರೈಸ್ 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೇ ಸಂಪುಟದಲ್ಲಿ ಈ ತಾಲ್ಲೂಕುಗಳ ಶಾಸನ ಅಚ್ಚು ಹಾಕಿಸಿದರು. ಅವುಗಳಲ್ಲಿ ಎಷ್ಟೋ ಕಲ್ಲು ಈಗ ಇದ್ದ ಜಾಗದಲ್ಲಿಲ್ಲ. ಉಳಿದವನ್ನು ಮಿಥಿಕ್ ಸೊಸೈಟಿಯವರು ಹುಡುಕಿ ಸ್ಕ್ಯಾನ್ ಮಾಡಿಡ್ತಿದ್ದಾರೆ. ಕಲ್ಲೇ ಕಳೆದುಹೋದ ಮೇಲೆ ಸೂರ್ಯಚಂದ್ರರ ಮಾತಿಗೆ ಏನು ಬೆಲೆ?

ಮೇಷ್ಟ್ರು: ಕಲ್ಲು ಬರೀ ಸಾಕ್ಷಿ. ನೆಲದ ಫಲ ತಲೆಮಾರಿನಿಂದ ತಲೆಮಾರಿಗೆ ಸಲ್ಲಬೇಕು ಅನ್ನೋದು ಆ ಮಾತಿನ ತಿರುಳು.

ಕಲಾವಿದೆ: ಹಾಗಿದ್ದರೆ ಕೇಳಿ. ಬರೀತಾ ಬರೀತಾ ಹಣ್ಣು ಬಾಡ್ತು. ಸಿಪ್ಪೆ ಸುಕ್ಕಾಗಿ ತೊಟ್ಟಿನ ಹತ್ತಿರ ಕುಗ್ಗಿತು. ಅದನ್ನು ಹಾಗೇ ಬರೆದೆ. 17ನೇ ಶತಮಾನದ ಹಾಲೆಂಡಿನ ಚಿತ್ರಕಾರರು ಮೇಜಿನ ಮೇಲೆ ತಲೆಬುರುಡೆ, ಆರಿದ ದೀಪ ಇಟ್ಟು ಬದುಕು ನಿಲ್ಲೋದಲ್ಲ ಅಂತ ತೋರಿಸಿದರು. ನನ್ನ ಹಣ್ಣಿನ ಮಾತು ಅಲ್ಲಿಗೇ ಮುಗಿಯಲ್ಲ. ಅದು ಕೊಳೆಯುತ್ತೆ, ಮರ ಇದ್ದರೆ ಮುಂದಿನ ವರ್ಷ ಮತ್ತೆ ಬಿಡುತ್ತೆ. ಕಲ್ಲು ಇಟ್ಟ ಆಣೆಯನ್ನು ನಡೆಸೋದು ಕಲ್ಲಿಗಿಂತ ಬೇಗ ಅಳಿಯೋ ಈ ಹಣ್ಣು.

ಮೇಷ್ಟ್ರು: ಮರ ಇದ್ದರೆ, ಅಂದೆ. ಎಲ್ಲ ನಿಂತಿರೋದು ಅದರ ಮೇಲೇ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲಿನ ಎಷ್ಟೋ ತೋಟ ಸೈಟಾಯ್ತು. ಚಕ್ಕೋತಕ್ಕೆ ಜಿಐ ಮುದ್ರೆ ಸಿಕ್ಕಿದೆ; ಆ ಮುದ್ರೆ ಹಣ್ಣಿನ ಹೆಸರು ಕಾಯುತ್ತೆ, ಮರ ಕಾಯಲ್ಲ. ನೆಲ ಬಿಡಲ್ಲ ಅಂತ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈನಲ್ಲಿ 1,777 ಎಕರೆಯ ಭೂಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿಗಳು ಹೇಳಬೇಕಾಯ್ತು.

ಕಲಾವಿದೆ: ಸೂರ್ಯಚಂದ್ರರ ಕಲ್ಲು ಹೇಳಿದ್ದನ್ನೇ ಆ ರೈತರೂ ಹೇಳಿದರು. ಚಿತ್ರಕ್ಕೆ ಅಷ್ಟು ಶಕ್ತಿ ಇದೆಯಾ?

ಮೇಷ್ಟ್ರು: ಚಿತ್ರ ನೆಲ ಉಳಿಸಲ್ಲ. ಹೋಗ್ತಿರೋದು ಏನು ಅಂತ ನಿಂತು ನೋಡೋ ಹಾಗೆ ಮಾಡಬಲ್ಲದು. ಅದಕ್ಕೆ ನೀನೂ ಒಂದು ಆಣೆ ಇಡಬೇಕು: ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಅರಿಯದ್ದನ್ನು ಬರೆಯಲ್ಲ ಅಂತ. ಈ ಕತ್ತಿ ಎಲ್ಲೀದು?

ಕಲಾವಿದೆ: ನಾಟಕದ ಸಾಮಾನು. ಅದು ಹೋಗಲಿ. ಲಾಳಿ ಇರುತ್ತೆ; ಅದರ ಅಂಚು ಸವೆದಿದೆ, ಹಿಡಿದವರ ಕೈ ಕಾಣುತ್ತೆ.

ಮೇಷ್ಟ್ರು: ಚಿತ್ರದ ಕೆಳಗೆ ಏನು ಬರೀತೀಯ?

ಕಲಾವಿದೆ: ಶಾಸನದಲ್ಲಿ ದಾನದ ಹೊಲಕ್ಕೆ ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಎಲ್ಲೆ ಹೇಳ್ತಾರಲ್ಲ, ಹಾಗೆ ಬರೀತೀನಿ: ಹಣ್ಣು ಯಾವ ಹಳ್ಳೀದು, ಮರ ಕೋಟೆಯಿಂದ ಯಾವ ದಿಕ್ಕಿಗೆ, ಕಲ್ಲು ಯಾವ ಕೆರೆ ಏರಿಯ ಪಕ್ಕ. ಎಲ್ಲೆ ಇಲ್ಲದ ಸಂಕೇತ ಎಲ್ಲ ಊರಿಗೂ ಒಗ್ಗುತ್ತೆ, ಯಾವ ಊರಿಗೂ ಉತ್ತರ ಹೇಳಬೇಕಾಗಿಲ್ಲ. ನನ್ನ ಚಿತ್ರ ಈ ನೆಲಕ್ಕೆ ಉತ್ತರ ಹೇಳಬೇಕು. ನೋಡಿದವರು ಆ ಗುರುತು ಹಿಡಿದು ಬಂದು ಮರ ಹುಡುಕಲಿ. ಸಿಕ್ಕರೆ ಅದರ ಕೆಳಗೆ ನಿಂತು ಹಣ್ಣು ತಿನ್ನಲಿ. ಸಿಗದಿದ್ದರೆ ಯಾರು ಕಡಿದರು, ಯಾಕೆ ಕಡಿದರು ಅಂತ ಕೇಳಲಿ.