ಬೀಜದ ಋಣ

ಅಮೆರಿಕದ ಪಶ್ಚಿಮ ವರ್ಜೀನಿಯಾ ಪ್ರಾಂತದ ಲೋಗನ್ ಎಂಬ ಊರಿನಲ್ಲಿ ಎಂ. ಸಿ. ಬೈಲ್ಸ್ ಎಂಬಾತನಿದ್ದನು. ಮೋಟಾರು ಬಂಡಿಗಳ ರೇಡಿಯೇಟರುಗಳನ್ನು ದುರಸ್ತಿಮಾಡುವುದು ಅವನ ಕಸಬು; ಸಸ್ಯಶಾಸ್ತ್ರವನ್ನು ಓದಿದವನಲ್ಲ. ಮನೆಯ ಮೇಲೆ 6,000 ಡಾಲರುಗಳ ಅಡವಿನ ಸಾಲವಿದ್ದಿತು. 1930ರ ದಶಕದ ಮುಗ್ಗಟ್ಟಿನ ಕಾಲದಲ್ಲಿ ಅವನು ದೊಡ್ಡ ಹಣ್ಣು ಬಿಡುವ ನಾಲ್ಕು ಬಗೆಯ ಟೊಮೇಟೊಗಳನ್ನು ತಂದು, ಒಂದನ್ನು ನಡುವೆ ನಿಲ್ಲಿಸಿ, ಉಳಿದವನ್ನು ಸುತ್ತಲೂ ನೆಟ್ಟು, ಪರಾಗವನ್ನು ಕೈಯಾರೆ ಹೂವಿನಿಂದ ಹೂವಿಗೆ ಹಾಯಿಸಿ, ವರ್ಷವರ್ಷವೂ ಉತ್ತಮವಾದುದನ್ನೇ ಆರಿಸುತ್ತ ಬಂದನು. ಆರೇಳು ವರ್ಷಗಳಲ್ಲಿ ಹೊಸದೊಂದು ತಳಿ ನೆಲೆಗೊಂಡಿತು. ಅದರ ಸಸಿಗಳನ್ನು ಡಾಲರಿಗೊಂದರಂತೆ ಮಾರಿ ಆರು ವರ್ಷಗಳಲ್ಲಿ ಸಾಲ ತೀರಿಸಿದುದಾಗಿ ಅವನೇ ಹೇಳಿದ್ದಾನೆ. ‘ಮಾರ್ಟ್‌ಗೇಜ್ ಲಿಫ್ಟರ್’, ಎಂದರೆ ಅಡವು ಬಿಡಿಸುವುದು, ಎಂಬುದೇ ಆ ತಳಿಯ ಹೆಸರಾಯಿತು. ಇಂದಿಗೂ ಅದು ಅನೇಕರ ಮನೆತೋಟಗಳಲ್ಲಿ ಬೆಳೆಯುತ್ತಿದೆ.

ಹಣದ ಸಾಲ ತೀರಿತು, ಸರಿ, ಬೀಜದ ಸಾಲವೋ? ಆ ನಾಲ್ಕು ತಳಿಗಳು ಪರರು ಕಾಪಾಡಿ ಕೊಟ್ಟವು. ಅವರಿಗೂ ಹಿಂದೆ, ದಕ್ಷಿಣ ಅಮೆರಿಕದ ಕಾಡುಗಿಡದ ಪುಟ್ಟ ಹಣ್ಣನ್ನು ಹಿತ್ತಲಿನ ಹಣ್ಣಾಗಿ ಮಾಡಿದ ಹೆಸರಿಲ್ಲದ ಜನರಿದ್ದರು. ಅವರಾರಿಗೂ ಬೈಲ್ಸನು ಕಾಸನ್ನೂ ಕೊಡಲಿಲ್ಲ. ಕೊಡುವುದು ಸಾಧ್ಯವೂ ಇರಲಿಲ್ಲ. ಹಾಗಾದರೆ ಅವನು ಹಣ ಪಡೆದುದು ಅನ್ಯಾಯವೆ? ಅಲ್ಲವೆಂದು ನನಗೆ ತೋರುತ್ತದೆ. ಟೊಮೇಟೊ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವಂಥದು. ನೆಲೆಗೊಂಡ ತಳಿಯ ಬೀಜದಿಂದ ತಾಯಿಯಂಥ ಗಿಡವೇ ಹುಟ್ಟುತ್ತದೆ. ಒಂದು ಸಸಿಯನ್ನು ಕೊಂಡವನಿಗೆ ಮುಂದಿನ ವರ್ಷಗಳ ಬೀಜವೆಲ್ಲವೂ ದೊರೆಯಿತು. ಬೈಲ್ಸನು ತನ್ನ ಶ್ರಮವನ್ನು ಮಾರಿದನು, ಬೀಜವನ್ನು ಬಿಗಿಹಿಡಿಯಲಿಲ್ಲ.

ಅಂಗಡಿಯ ಸಂಕರ ಬೀಜದ ಮಾತು ಬೇರೆ. ಅದರ ಮೊದಲ ಬೆಳೆ ಏಕರೂಪವಾಗಿ ಬರುತ್ತದೆ. ಆ ಹಣ್ಣಿನ ಬೀಜವನ್ನು ಬಿತ್ತಿದರೆ ಗುಣಗಳು ಚದುರಿಹೋಗುತ್ತವೆ. ವರ್ಷವರ್ಷವೂ ಮತ್ತೆ ಕೊಳ್ಳಬೇಕು. ಆದರೂ ಬೇಸಾಯಗಾರನು ಅದನ್ನು ಆರಿಸಿದರೆ ದೂಷಿಸುವ ಅಧಿಕಾರ ನಮಗಿಲ್ಲ. ಫಸಲು ಹೆಚ್ಚು ಬರಬೇಕು, ರೋಗವನ್ನು ತಡೆಯಬೇಕು, ಹಣ್ಣು ದೂರದ ಪೇಟೆಯವರೆಗೆ ಒಡೆಯದೆ ಸಾಗಬೇಕು. ಹಳೆಯ ತಳಿಗಳಲ್ಲಿ ಅನೇಕಕ್ಕೆ ಸಿಪ್ಪೆ ತೆಳು. ಒಂದು ಮಳೆಗೆ ಬಿರಿಯುತ್ತವೆ. ಸಾಲದಲ್ಲಿರುವವನಿಗೆ “ಹಳೆಯ ಬೀಜವನ್ನು ಬಿಡಬೇಡ” ಎಂದು ಉಪದೇಶಿಸುವುದು, ನಮ್ಮ ಧರ್ಮವನ್ನು ಅವನ ಹೊಲದಲ್ಲಿ ಬಿತ್ತಿದಂತೆ.

ಆದುದರಿಂದ ಕಾಯುವ ಭಾರವು ಆ ಗಿಡದಿಂದ ಹೊಟ್ಟೆ ಹೊರೆಯಬೇಕಾಗಿಲ್ಲದವರದು; ಎಂದರೆ ಹಿತ್ತಲಿನಲ್ಲಿ ನಾಲ್ಕು ಗಿಡ ಬೆಳೆಸುವ ನಮ್ಮಂಥ ಗೃಹಸ್ಥರದು. ಹಣ್ಣು ಬಿರಿದರೆ ನಮಗೇನು ನಷ್ಟ? ಅಂದಿನ ಸಾರಿಗಾಯಿತು. ಪಿತೃಋಣವನ್ನು ಪಿತೃಗಳಿಗೆ ಹಿಂದಿರುಗಿಸಿ ತೀರಿಸುವವರಿಲ್ಲ. ಸಂತಾನವನ್ನು ಬೆಳೆಸಿ ತೀರಿಸುತ್ತಾರೆಂದು ನಮ್ಮ ಹಿರಿಯರು ತಿಳಿದಿದ್ದರು. ಬೀಜದ ಋಣವೂ ಆ ಜಾತಿಯದೇ.

ತೀರಿಸುವ ಕ್ರಮವೂ ಕಷ್ಟವಾದುದಲ್ಲ. ಆರೋಗ್ಯವಾದ ಗಿಡದ ಚೆನ್ನಾಗಿ ಮಾಗಿದ ಹಣ್ಣಿನ ಬೀಜವನ್ನು ಲೋಳೆಯೊಡನೆ ಸ್ವಲ್ಪ ನೀರಿನಲ್ಲಿ ಎರಡು ಮೂರು ದಿನ ಹುಳಿಯಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ ಕಟ್ಟಿಡಬೇಕು. ಒಂದು ಪೊಟ್ಟಣ ನೆರೆಮನೆಗೂ ಹೋಗಲಿ. ನಮ್ಮ ಹಿತ್ತಲಿಗೆ ರೋಗ ತಗುಲಿದರೂ ತಳಿ ಅಲ್ಲಿ ಉಳಿದೀತು. ಒಣಗಿದ ಬೀಜ ಕೆಲವು ವರ್ಷ ಜೀವ ಹಿಡಿದಿರುತ್ತದೆ. ಅಷ್ಟರೊಳಗೆ ಯಾರಾದರೂ ಅದನ್ನು ಬಿತ್ತಲೇಬೇಕು.