ಸಾರ್ವಜನಿಕರು ಎಂದರೆ ಯಾರು?

‘ಸಾರ್ವಜನಿಕ ಉದ್ಯಾನ’ ಎನ್ನುವಾಗ ಆ ಸಾರ್ವಜನಿಕರಲ್ಲಿ ಯಾರು ಯಾರು ಸೇರುತ್ತಾರೆ? ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯನ್ನು ನೆನೆದಾಗಲೆಲ್ಲ ನನಗೆ ಈ ಪ್ರಶ್ನೆ ಏಳುತ್ತದೆ.

ಅಲ್ಲಿನ ಜಲಾಶಯವನ್ನು ಕಟ್ಟಿದ್ದು ಗದ್ದೆಗೆ ನೀರುಣಿಸಲು. ಹಕ್ಕಿಗಳನ್ನು ಯಾರೂ ಕರೆಯಲಿಲ್ಲ. ನೀರು, ಮೀನು, ಗೂಡಿಗೊಪ್ಪುವ ಮರ ಕಂಡು ಬೆಳ್ಳಕ್ಕಿ, ನೀರುಕಾಗೆ, ಕೆಂಬರಲು, ಚಮಚಕೊಕ್ಕುಗಳು ತಾವೇ ಬಂದವು. ಇಂದು ಸುಮಾರು 2.2 ಚದರ ಕಿ.ಮೀ. ಪ್ರದೇಶ ಪಕ್ಷಿಧಾಮ, ಜೊತೆಗೆ ವೀಕ್ಷಣಾ ಗೋಪುರ, ಮಕ್ಕಳ ಉದ್ಯಾನ. ಒಂದೇ ನೀರಿಗೆ ಮೂವರು ಹಕ್ಕುದಾರರು: ರೈತ, ಹಕ್ಕಿ ಮತ್ತು ಭಾನುವಾರ ಹೋಗುವ ನಾವು.

ರೈತನದೂ ಹಕ್ಕಿಯದೂ ಬದುಕಿನ ಪ್ರಶ್ನೆ, ನಮ್ಮದು ಬರೀ ಮೋಜು. ಆದ್ದರಿಂದ ನಾವು ಹಿಂದೆ ಸರಿಯಬೇಕು ಎಂದುಬಿಡುವುದು ಸುಲಭ. ಅದನ್ನು ನಾನು ಪೂರ್ತಿ ಒಪ್ಪಲಾರೆ. ವಾರವಿಡೀ ದುಡಿದು, ಬುತ್ತಿ ಕಟ್ಟಿಕೊಂಡು ಮಕ್ಕಳೊಡನೆ ಬರುವವರಿಗೆ ರೆಸಾರ್ಟಿನ ದಾರಿ ಇಲ್ಲ. ಅವರ ನಗುವನ್ನು ಗದ್ದಲವೆಂದು ಹಳಿಯುವುದರಲ್ಲಿ ಪಕ್ಷಿಪ್ರೀತಿಗಿಂತ ದೊಡ್ಡಸ್ತಿಕೆಯೇ ಹೆಚ್ಚಿರಬಹುದು.

ಆದರೆ ಗೂಡಿನ ಲೆಕ್ಕ ಬೇರೆ. ತಾಯಿಹಕ್ಕಿ ಬೆದರಿ ಎದ್ದುಹೋದರೆ ಮೊಟ್ಟೆ ಕಾಗೆಯ ಪಾಲಾಗಬಹುದು, ಪುಕ್ಕ ಮೂಡದ ಮರಿ ಬಿಸಿಲಿಗೆ ಸಾಯಬಹುದು. ಬೆದರಿಸಿದ್ದು ಧ್ವನಿವರ್ಧಕವೋ, ಇನ್ನೂ ಹತ್ತಿರದ ಚಿತ್ರಕ್ಕಾಗಿ ನುಗ್ಗಿದ ಕ್ಯಾಮೆರಾದವರೋ ಎಂಬುದು ಮರಿಗೆ ಒಂದೇ. ಹಾಗಾಗಿ ಇಲ್ಲಿ ತೂಗಬೇಕಾದದ್ದು ನಮ್ಮ ಅಭಿರುಚಿಯನ್ನಲ್ಲ. ಗೂಡಿನಿಂದ ನಾವು ಎಷ್ಟು ದೂರ ನಿಂತಿದ್ದೇವೆ ಎಂಬುದನ್ನು.

ಸಂತೋಷದಲ್ಲಿ ಎರಡು ಬಗೆ. ಜೋಕಾಲಿಯಿಂದ ಒಂದು ಮಗು ಇಳಿದರೆ ಇನ್ನೊಂದಕ್ಕೆ ಅದು ಹಾಗೆಯೇ ಉಳಿದಿರುತ್ತದೆ. ಹಕ್ಕಿ ನೋಡುವುದೂ ಅಂಥದ್ದೇ. ಎಷ್ಟು ಜನ ನೋಡಿದರೂ ಸವೆಯದು. ಧ್ವನಿವರ್ಧಕ ಹಾಗಲ್ಲ. ಅದು ಹಕ್ಕಿಯ ನೆಮ್ಮದಿಯನ್ನೂ ಪಕ್ಕದಲ್ಲಿ ಕೂತವರ ಮಾತನ್ನೂ ಒಟ್ಟಿಗೆ ನುಂಗುತ್ತದೆ. ಜಾಗಕ್ಕೆ ತಕ್ಕಂತೆ ಮೋಜಿನ ರೀತಿಯೂ ಬದಲಾಗಬೇಕು. ದಾಂಡೇಲಿಯ ಮೌಳಂಗಿಯಲ್ಲಿ ಕಾಳಿ ನದಿಯೇ ಆಟದ ಸಂಗಾತಿ. ಅತ್ತಿವೇರಿಯ ನೀರಿನಲ್ಲಿ ಬೇರೆಯವರ ಬಾಣಂತನ ನಡೆದಿರುತ್ತದೆ. ಬಾಣಂತಿಯಿರುವ ಮನೆಯಲ್ಲೂ ಮಕ್ಕಳು ಆಡುತ್ತವೆ, ಆದರೆ ಅಂಗಳದಲ್ಲಿ.

ದನಿಯೆತ್ತಿ ಕೇಳಬಲ್ಲವರಷ್ಟೇ ಸಾರ್ವಜನಿಕರಲ್ಲ. ಅರ್ಜಿ ಬರೆಯಲಾರದ, ಟಿಕೆಟ್ ಕೊಳ್ಳದ, ಆದರೂ ಆ ಜಾಗವನ್ನೇ ನೆಚ್ಚಿಕೊಂಡವರನ್ನೂ ಎಣಿಸಿದಾಗಲೇ ಆ ಮಾತು ಪೂರ್ಣವಾಗುತ್ತದೆ.