ಕಟ್ಟುವ ಕೈಗಳು

2001ರ ಆಗಸ್ಟ್ 6ರ ಮುಂಜಾನೆ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಸಮೀಪದ ಖಾಸಗಿ ಮನೋರೋಗಿಗಳ ವಸತಿಯೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಬಿಗಿಯಲಾಗಿತ್ತು. 28 ಮಂದಿ ಸತ್ತರು. ಇಂಥ ಕಡೆ ರೋಗಿಗಳನ್ನು ತಂದು ಬಿಡುವವರು ಶತ್ರುಗಳಲ್ಲ. ತಂದೆ, ಅಣ್ಣ, ಗಂಡ. ಕಟ್ಟಿದವನೂ ‘ಅವರ ಒಳ್ಳೆಯದಕ್ಕೇ ಕಟ್ಟಿದೆ’ ಎಂದುಕೊಂಡಿರಬೇಕು.

ಒಬ್ಬರ ಒಳಿತಿನ ಹೆಸರಿನಲ್ಲಿ ಅವರ ಮೇಲೆ ಬಲ ಪ್ರಯೋಗಿಸುವ ಹಕ್ಕು ನಮಗೆ ಎಷ್ಟರ ಮಟ್ಟಿಗಿದೆ?

ಮನಸ್ಸಿನ ಕಾಯಿಲೆಯವರಲ್ಲಿ ಅನೇಕರು ಮೊದಲೇ ಪೆಟ್ಟು ತಿಂದವರು. ಬಾಲ್ಯದ ಹೊಡೆತ, ಅತ್ಯಾಚಾರ, ಗಲಭೆಯಲ್ಲಿ ಕಳೆದುಕೊಂಡ ಮನೆ. ಅಂಥವಳನ್ನು ನಾಲ್ವರು ಹಿಡಿದು ಮಂಚಕ್ಕೆ ಬಿಗಿದರೆ ಬಿಗಿದವರಿಗೆ ಅದು ಚಿಕಿತ್ಸೆ, ಅವಳಿಗೆ ಆ ಹಳೆಯ ರಾತ್ರಿಯೇ ಮರಳಿ ಬಂದ ಹಾಗೆ. ಅವಳು ಕಿರುಚುತ್ತಾಳೆ. ಆ ಕಿರುಚಾಟವನ್ನೂ ರೋಗದ ಲೆಕ್ಕಕ್ಕೇ ಬರೆಯುತ್ತೇವೆ! ‘ನಿನಗೇನು ರೋಗ?’ ಎನ್ನುವುದಕ್ಕೆ ಮುಂಚೆ ‘ನಿನ್ನ ಮೇಲೆ ಏನೇನು ನಡೆದಿದೆ?’ ಎಂದು ಕೇಳಬೇಕೆಂದು ಇಂದು ತಿಳಿದ ವೈದ್ಯರು ಹೇಳುವುದು ಇದಕ್ಕೇ.

ಮೂರ್ಛೆ ರೋಗದ ಮಹಿಳೆಯೊಬ್ಬರು ಪ್ರವಾದಿವರ್ಯರ(ಸ) ಬಳಿ ಬಂದ ಘಟನೆಯನ್ನು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ. ಸಹನೆ ವಹಿಸಿ ಸ್ವರ್ಗ ಪಡೆಯುವುದೋ, ಗುಣವಾಗಲೆಂದು ಪ್ರಾರ್ಥನೆಯೋ ಎಂದು ಪ್ರವಾದಿವರ್ಯರು(ಸ) ಆಯ್ಕೆಯನ್ನು ಆಕೆಗೇ ಬಿಟ್ಟರು. ಆಕೆ ಸಹನೆಯನ್ನು ಆರಿಸಿಕೊಂಡರು. ಆದರೆ ಬಿದ್ದಾಗ ಮೈಮೇಲಿನ ಬಟ್ಟೆ ಸರಿಯದಿರಲಿ ಎಂದು ಬೇಡಿದರು. ಅದಕ್ಕಾಗಿ ಪ್ರವಾದಿವರ್ಯರು(ಸ) ಪ್ರಾರ್ಥಿಸಿದರು. ನೋಡಿ, ರೋಗಕ್ಕಿಂತ ಆಕೆಯನ್ನು ಹೆಚ್ಚು ನೋಯಿಸುತ್ತಿದ್ದುದು ಮಾನಭಂಗದ ಭಯ. ಕೇಳದೆ ಇದ್ದಿದ್ದರೆ ಅದು ಯಾರಿಗೆ ತಿಳಿಯುತ್ತಿತ್ತು?

ಕತ್ತಿ ಹಿಡಿದವನನ್ನು ತಡೆಯಬಾರದೇ ಎಂದು ನೀವು ಕೇಳಬಹುದು. ತಡೆಯಲೇಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರಪಳಿಯನ್ನು ಪೂರ್ತಿ ನಿಷೇಧಿಸಿದರೂ, ಕಣ್ಣೆದುರಿನ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಹಿಡಿದಿಡಲು ಅವಕಾಶ ಕೊಡುತ್ತದೆ. ಆದರೆ ಶಿಕ್ಷೆಯಾಗಿ ಅಲ್ಲ, ಸಿಬ್ಬಂದಿ ಸಾಲದೆಂಬ ನೆಪದಿಂದಲೂ ಅಲ್ಲ.

ಇಲ್ಲಿಯೇ ಮುಖ್ಯಸ್ಥನ ಹೊಣೆ ಬರುತ್ತದೆ. ಅವನು ಬೆಳಿಗ್ಗೆ ದಾದಿಯನ್ನು ಎಲ್ಲರೆದುರು ಗದರಿದರೆ ಸಂಜೆಯೊಳಗೆ ಆ ಗದರಿಕೆ ರೋಗಿಯ ಹಾಸಿಗೆಯನ್ನು ತಲುಪುತ್ತದೆ. ಹಗಲಿರುಳು ಅನ್ಯರ ಸಂಕಟ ಕೇಳುವ ದಾದಿಯರೂ ಗಾಯಗೊಂಡವರೇ. ಅವರ ಮಾತು ಕೇಳುವವರಿಲ್ಲದ ಆಸ್ಪತ್ರೆಯಲ್ಲಿ ರೋಗಿಯ ಮಾತು ಯಾರಿಗೆ ಬೇಕು?

ಅನ್ಯರ ಮಾತೇಕೆ? ಕರಿಹಲಗೆ ಒರೆಸಲು ನಾನು ಕೈ ಎತ್ತಿದಾಗಲೆಲ್ಲ ಮದ್ರಸದ ಒಬ್ಬ ಹುಡುಗ ಮುಖ ಮುಚ್ಚಿಕೊಳ್ಳುತ್ತಿದ್ದ. ತುಂಟತನವೆಂದು ಬೈದೆ, ಒಮ್ಮೆ ಹೊಡೆದೆ ಕೂಡ. ಎರಡು ತಿಂಗಳ ಬಳಿಕ ಅವನ ತಾಯಿ ಮನೆಯ ಸಂಗತಿ ತಿಳಿಸಿದರು. ಅಂದಿನಿಂದ ಬೆತ್ತವನ್ನು ತರಗತಿಗೆ ಒಯ್ಯುತ್ತಿಲ್ಲ. ಅವನು ಮಾತ್ರ ಇನ್ನೂ ಬಾಗಿಲ ಪಕ್ಕದಲ್ಲೇ ಕುಳಿತುಕೊಳ್ಳುತ್ತಾನೆ.